ಪೋಪ್ ಕ್ರಿಸ್ತವಿರೋಧಿಯೇ? ರೋಮ್ ಕೊಟ್ಟ ಉತ್ತರಗಳು

1522ರ ಸೆಪ್ಟೆಂಬರಿನಲ್ಲಿ ವಿಟ್ಟೆನ್‌ಬರ್ಗ್ ಪಟ್ಟಣದಲ್ಲಿ ಮಾರ್ಟಿನ್ ಲೂಥರನ ಜರ್ಮನ್ ಹೊಸ ಒಡಂಬಡಿಕೆ ಅಚ್ಚಾಯಿತು. ಪುಟ ತುಂಬುವ ಮರಗೆತ್ತನೆಯ ಚಿತ್ರಗಳಿದ್ದದ್ದು ಅದರ ಕೊನೆಯ ಪುಸ್ತಕವಾದ ಪ್ರಕಟನೆಗೆ ಮಾತ್ರ. ಅವು ಲೂಕಾಸ್ ಕ್ರಾನಾಖನ ಕಾರ್ಯಾಗಾರದಿಂದ ಬಂದವು. ಅವುಗಳಲ್ಲೊಂದರಲ್ಲಿ, ಏಳು ತಲೆಯ ಮೃಗದ ಮೇಲೆ ಕುಳಿತ ಬಾಬಿಲೋನಿನ ಮಹಾಜಾರಸ್ತ್ರೀಯ ತಲೆಯ ಮೇಲೆ ಮೂರಂತಸ್ತಿನ ಕಿರೀಟವಿದೆ. ಅದು ಪೋಪರ ಕಿರೀಟವೆಂದು ಅಕ್ಷರ ಬಾರದವರಿಗೂ ತಿಳಿಯುತ್ತಿತ್ತು. ಗದ್ದಲವೆದ್ದಿತು. ಡಿಸೆಂಬರಿನ ಮುದ್ರಣದ ಹೊತ್ತಿಗೆ ಮೇಲಿನ ಅಂತಸ್ತುಗಳನ್ನು ಕೆತ್ತಿ ತೆಗೆದು ಸಾದಾ ಕಿರೀಟವನ್ನಷ್ಟೇ ಉಳಿಸಿದರು. 1534ರ ಪೂರ್ಣ ಬೈಬಲಿನಲ್ಲಿ ಮೂರಂತಸ್ತು ಮತ್ತೆ ಬಂತು.

ಆರೋಪ ಚಿತ್ರಕ್ಕೆ ನಿಲ್ಲಲಿಲ್ಲ. ದಾನಿಯೇಲನ ಗ್ರಂಥದ ಚಿಕ್ಕ ಕೊಂಬು, ಥೆಸಲೋನಿಕದವರಿಗೆ ಪೌಲ ಬರೆದ ಎರಡನೆಯ ಪತ್ರದ ಅಧರ್ಮಸ್ವರೂಪ, ಪ್ರಕಟನೆಯ ಮೃಗ ಎಲ್ಲವನ್ನೂ ಒಂದೇ ದಾರದಲ್ಲಿ ಪೋಣಿಸಿ, ಪೋಪರ ಪೀಠವೇ ಕ್ರಿಸ್ತವಿರೋಧಿ ಎಂದು ಪ್ರಾಟೆಸ್ಟೆಂಟರು ಸಾರಿದರು. 1537ರ ಶ್ಮಾಲ್ಕಾಲ್ಡ್ ವಿಧಿಗಳಲ್ಲಿ ಲೂಥರ್ ಅದನ್ನು ಬರೆದಿಟ್ಟ. 1646ರ ವೆಸ್ಟ್‌ಮಿನ್‌ಸ್ಟರ್ ವಿಶ್ವಾಸಪ್ರಮಾಣ ಅದನ್ನೇ ಸಿದ್ಧಾಂತವಾಗಿಸಿತು. ಇದಕ್ಕೆ ಕಥೋಲಿಕ ವಿದ್ವಾಂಸರು ನಾಲ್ಕು ಶತಮಾನ ಕೊಟ್ಟ ಉತ್ತರಗಳೇ ಒಂದು ಪರಂಪರೆಯಾಗಿ ಬೆಳೆದಿವೆ. ಪಾಂಡಿತ್ಯದಲ್ಲಿ ಅದು ಬಲವಾದದ್ದು. ವಚನದ ಅರ್ಥದ ವಾದದಲ್ಲಿ ಬಹುಪಾಲು ಗೆದ್ದದ್ದೂ ಅದೇ. ಆದರೆ ಇಂಥ ಆರೋಪವನ್ನು ಲಕ್ಷಾಂತರ ಜನ ಏಕೆ ನಂಬಿದರು ಎಂಬ ಪ್ರಶ್ನೆಗೆ ಅದು ಕಿವಿಗೊಟ್ಟದ್ದು ತೀರಾ ಕಡಿಮೆ.

ಮೊದಲನೆಯದಾಗಿ, ಈ ಬೈಗುಳ ಹೊರಗಿನಿಂದ ಬಂದದ್ದಲ್ಲ. 991ರಲ್ಲಿ ರೈಮ್ಸ್ ಪ್ರಾಂತ್ಯದ ಸಭೆಯಲ್ಲಿ ಓರ್ಲಿಯನ್ಸ್‌ನ ಬಿಷಪ್ ಅರ್ನುಲ್ಫ್ ಅಂದಿನ ಪೋಪರ ನಡತೆಯನ್ನು ಹಳಿಯುತ್ತ ಈ ಮಾತನ್ನು ಎತ್ತಿದ್ದ. ಡಾಂಟೆ ತನ್ನ ನರಕದ ಹತ್ತೊಂಬತ್ತನೆಯ ಸರ್ಗದಲ್ಲಿ ಧರ್ಮಪದವಿಗಳನ್ನು ಮಾರಿಕೊಂಡ ಪೋಪರನ್ನು ತಲೆಕೆಳಗಾಗಿ ಹೂಳಿ, ಅವರಿಗೆ ಪ್ರಕಟನೆಯ ಅದೇ ಸ್ತ್ರೀಯನ್ನು ನೆನಪಿಸಿದ. 1378ರಲ್ಲಿ ಒಡಕು ಹುಟ್ಟಿ ಇಬ್ಬರು ಪೋಪರಾದಾಗ ಒಂದು ಪಕ್ಷದವರು ಇನ್ನೊಂದು ಪಕ್ಷದ ಪೋಪನನ್ನು ಕರೆದದ್ದೂ ಹೀಗೆಯೇ. ಕ್ರಿಸ್ತವಿರೋಧಿ ಬರುವ ದಿನವನ್ನು ಗೊತ್ತುಮಾಡಿ ಉಪದೇಶಿಸಕೂಡದೆಂದು ಐದನೆಯ ಲ್ಯಾಟರನ್ ಮಹಾಸಭೆ 1516ರ ಡಿಸೆಂಬರಿನಲ್ಲಿ ಕಟ್ಟಳೆ ಮಾಡಿತು. ವರ್ಷ ತುಂಬುವುದರೊಳಗೆ ಲೂಥರನ 95 ಪ್ರಮೇಯಗಳು ಹೊರಬಂದವು.

ನಿಜವಾದ ಉತ್ತರ ರೂಪುಗೊಂಡದ್ದು ಯೇಸುಸಭೆಯವರ ಕೈಯಲ್ಲಿ. ರೋಮಿನಲ್ಲಿ ವಾದಶಾಸ್ತ್ರ ಕಲಿಸುತ್ತಿದ್ದ ರಾಬರ್ಟ್ ಬೆಲ್ಲರ್ಮಿನ್ 1586ರಿಂದ ‘ವಿವಾದಗಳು’ ಎಂಬ ಬೃಹದ್ಗ್ರಂಥದ ಸಂಪುಟಗಳನ್ನು ಹೊರತಂದ. ಪೋಪರ ಅಧಿಕಾರವನ್ನು ಕುರಿತ ಭಾಗದ ಮೂರನೆಯ ಪುಸ್ತಕ ಪೂರ್ತಿ ಕ್ರಿಸ್ತವಿರೋಧಿಗೇ ಮೀಸಲು. ಎದುರಾಳಿಯ ಮಾತನ್ನು ಮೊದಲು ಪೂರ್ತಿಯಾಗಿ ಮುಂದಿಟ್ಟು, ಆಮೇಲೆ ಒಂದೊಂದಾಗಿ ಬಿಡಿಸುವುದು ಅವನ ಕ್ರಮ. ಅವನ ವಾದದ ತಿರುಳು ಇಷ್ಟು: ಕ್ರಿಸ್ತವಿರೋಧಿ ಒಬ್ಬ ವ್ಯಕ್ತಿ, ಪೀಠವಲ್ಲ, ಅವನು ಆಳುವುದು ಮೂರೂವರೆ ವರ್ಷ, ಸಾವಿರಾರು ವರ್ಷವಲ್ಲ, ಅವನು ಕ್ರಿಸ್ತನನ್ನು ಬಹಿರಂಗವಾಗಿ ನಿರಾಕರಿಸುತ್ತಾನೆ, ಪೋಪ್ ದಿನವೂ ಕ್ರಿಸ್ತನ ಹೆಸರನ್ನೇ ಹೇಳುತ್ತಾನೆ. ಇನ್ನೂರಕ್ಕೂ ಹೆಚ್ಚು ಪೋಪರು ಸಾಲಾಗಿ ಬಂದು ಹೋದ ಮೇಲೂ ಲೋಕ ಮುಗಿದಿಲ್ಲವೆಂದರೆ ಈ ಲೆಕ್ಕವೇ ತಪ್ಪು. ಪ್ರಾಟೆಸ್ಟೆಂಟ್ ವಿಶ್ವವಿದ್ಯಾಲಯಗಳು ಈ ಒಂದು ಗ್ರಂಥಕ್ಕೆ ಉತ್ತರ ಬರೆಯುವುದರಲ್ಲೇ ದಶಕಗಳನ್ನು ಕಳೆದವು.

ಬೆಲ್ಲರ್ಮಿನ್ ಜೊತೆಗೆ ಎರಡು ದಾರಿಗಳು ಹುಟ್ಟಿದವು. ಸಾಲಮಾಂಕಾದ ಫ್ರಾನ್ಸಿಸ್ಕೊ ರಿಬೇರಾ ಪ್ರಕಟನೆಯ ಬಹುಭಾಗ ಲೋಕಾಂತ್ಯದಲ್ಲಿ ನಡೆಯಬೇಕಾದದ್ದು ಎಂದ. ಸೆವಿಲ್ಲೆಯ ಲೂಯಿಸ್ ಡಿ ಅಲ್ಕಾಸರ್ ತನ್ನ ಮರಣದ ನಂತರ 1614ರಲ್ಲಿ ಪ್ರಕಟವಾದ ವ್ಯಾಖ್ಯಾನದಲ್ಲಿ, ಅದರ ಬಹುಭಾಗ ಆಗಲೇ ನಡೆದುಹೋದದ್ದು, ವಿಗ್ರಹಾರಾಧಕ ರೋಮ್ ಬಿದ್ದಾಗಲೇ ಬಾಬಿಲೋನ್ ಬಿತ್ತು ಎಂದ. ಒಬ್ಬನಿಗೆ ಅದು ನಾಳೆಯ ಮಾತು, ಇನ್ನೊಬ್ಬನಿಗೆ ನಿನ್ನೆಯದು. ಎರಡೂ ಏಕಕಾಲದಲ್ಲಿ ನಿಜವಾಗಲಾರವು. ಆದರೂ ಇವುಗಳಲ್ಲಿ ಯಾವುದು ಸರಿಯೆಂದು ರೋಮ್ ತೀರ್ಪು ಕೊಡಲಿಲ್ಲ, ಅದಕ್ಕೆ ತೀರ್ಪಿನ ಅಗತ್ಯವೂ ಇರಲಿಲ್ಲ. ಇಬ್ಬರ ಲೆಕ್ಕದಲ್ಲೂ ಇಂದಿನ ದಿನ ಆಪಾದನೆಯಿಂದ ಪಾರಾಗುತ್ತಿತ್ತು.

ಒಂದು ಕಡೆ ಮಾತ್ರ ಕಥೋಲಿಕರ ಕೈ ಕಟ್ಟಿತ್ತು. ಪೇತ್ರನು ರೋಮಿನಲ್ಲಿದ್ದ ಎನ್ನುವುದಕ್ಕೆ ಅವರು ತೋರಿಸುತ್ತಿದ್ದ ಬೈಬಲಿನ ಸಾಕ್ಷಿ, ಅವನ ಮೊದಲ ಪತ್ರದ ಕೊನೆಗೆ ‘ಬಾಬಿಲೋನಿನಿಂದ’ ಬರುವ ವಂದನೆ. ಅಲ್ಲಿ ಬಾಬಿಲೋನ್ ಎಂದರೆ ರೋಮ್ ಎಂದು ವಾದಿಸಿದವರು ಪ್ರಕಟನೆಯಲ್ಲಿ ಅದು ರೋಮಲ್ಲ ಎನ್ನುವ ಹಾಗಿಲ್ಲ. ಹೀಗಾಗಿ ಪ್ರಶ್ನೆ ‘ಯಾವ ರೋಮ್?’ ಎಂಬುದಕ್ಕೆ ಸರಿಯಿತು, ಅಲ್ಲಿ ಉತ್ತರ ಗಟ್ಟಿಯಾಗಿಯೇ ಇತ್ತು. ಇಂದಿನ ಜನಪ್ರಿಯ ವಾದಿಗಳು ಅಷ್ಟಕ್ಕೆ ನಿಲ್ಲದೆ, ವ್ಯಾಟಿಕನ್ ಗುಡ್ಡ ಟೈಬರ್ ನದಿಯ ಆಚೆ ದಡದಲ್ಲಿದೆ, ಪ್ರಕಟನೆಯ ಸ್ತ್ರೀ ಕುಳಿತ ಏಳು ಬೆಟ್ಟಗಳಲ್ಲಿ ಅದು ಸೇರಿಲ್ಲ ಎನ್ನುತ್ತಾರೆ. ಮಾತು ನಿಜ, ಆದರೆ ಅರ್ಧ. ಪೋಪರ ಸ್ವಂತ ಕೆಥೆಡ್ರಲ್ ಆದ ಸಂತ ಯೋಹಾನರ ಲ್ಯಾಟರನ್ ದೇವಾಲಯ ಇರುವುದು ಆ ಏಳರಲ್ಲಿ ಒಂದಾದ ಕೇಲಿಯನ್ ಬೆಟ್ಟದ ಮೇಲೆಯೇ. ಆವಿನ್ಯೋನಿಗೆ ಹೋಗುವ ಮುನ್ನ ಪೋಪರ ಅರಮನೆಯೂ ಅಲ್ಲೇ ಇತ್ತು.

ಪ್ರಕಟನೆಯ ಮೃಗದ ಸಂಖ್ಯೆಯಾದ 666ರ ಜಗಳದಲ್ಲಿ ಈ ಪರಂಪರೆಯ ಬಲವೂ ಬಳಲಿಕೆಯೂ ಎದ್ದು ಕಾಣುತ್ತವೆ. ಲೂಥರನ ಶಿಷ್ಯ ಮಿಖಾಯೆಲ್ ಷ್ಟೀಫೆಲ್ ಹತ್ತನೆಯ ಲಿಯೋನ ಹೆಸರಿನಿಂದ 666 ಹೊರಡಿಸಿದ; ಕಥೋಲಿಕನಾದ ಪಿಯೆತ್ರೊ ಬೊಂಗೊ ಲೂಥರನ ಹೆಸರಿನಿಂದಲೇ ಹೊರಡಿಸಿದ. 1612ರಲ್ಲಿ ಆಂಡ್ರೆಯಾಸ್ ಹೆಲ್ವಿಗ್ ‘ವಿಕಾರಿಯುಸ್ ಫಿಲಿಯಿ ದೇಯಿ’, ಅಂದರೆ ದೇವಪುತ್ರನ ಪ್ರತಿನಿಧಿ, ಎಂಬುದನ್ನು ಹಿಡಿದ. ಅದರಲ್ಲಿ ರೋಮನ್ ಅಂಕೆಗಳೂ ಆಗುವ ಅಕ್ಷರಗಳನ್ನು ಕೂಡಿದರೆ 112, 53, 501, ಒಟ್ಟು 666. ಇದಕ್ಕೆ ಕಥೋಲಿಕ ವಾದಿಗಳ ತಿರುಗುಬಾಣ ಚುರುಕಾದದ್ದು. ಈ ಲೆಕ್ಕವನ್ನು ಹೆಚ್ಚು ಹಬ್ಬಿಸಿದ ಅಡ್ವೆಂಟಿಸ್ಟ್ ಪಂಥದ ಪ್ರವಾದಿನಿ ಎಲೆನ್ ಗೂಲ್ಡ್ ವೈಟ್ ಹೆಸರನ್ನೂ ಹಾಗೆಯೇ ಕೂಡಿದರೆ 100, 555, 11 ಬರುತ್ತದೆ; ಅಲ್ಲೂ 666. ವಿಧಾನವೇ ಪೊಳ್ಳೆಂದು ತೋರಿಸಲು ಇದಕ್ಕಿಂತ ಬೇರೆ ಬೇಕಿಲ್ಲ. ಆದರೆ ಇದರೊಂದಿಗೆ ‘ಅದು ಪೋಪರ ಅಧಿಕೃತ ಬಿರುದೇ ಅಲ್ಲ’ ಎಂದು ಸೇರಿಸುವಾಗ ಅವರು ಒಂದು ಸಂಗತಿಯನ್ನು ಮೆಲ್ಲನೆ ದಾಟಿಬಿಡುತ್ತಾರೆ. ಆ ನುಡಿ ಕಾನ್‌ಸ್ಟಂಟೈನನ ದಾನಪತ್ರದಲ್ಲಿದೆ. 1440ರಲ್ಲಿ ಲೊರೆಂಜೊ ವಲ್ಲಾ ಖೋಟಾ ಎಂದು ಬಯಲಿಗೆಳೆಯುವ ಮುನ್ನ, ಲೌಕಿಕ ಅಧಿಕಾರಕ್ಕೆ ಆಧಾರವೆಂದು ಪೋಪರ ಪಕ್ಷ ಹಿಡಿದು ತೋರಿಸುತ್ತಿದ್ದ ಪತ್ರವದು.

ವರ್ಷದ ಲೆಕ್ಕಕ್ಕೆ ಕೊಟ್ಟ ಉತ್ತರ ಇದಕ್ಕಿಂತ ಚೊಕ್ಕ. ಪ್ರಕಟನೆಯ 1260 ದಿನಗಳನ್ನು ವರ್ಷಗಳೆಂದು ಓದಿ, 538ರಲ್ಲಿ ಶುರುವಾದ ಪೋಪರ ಪ್ರಭುತ್ವ 1798ರಲ್ಲಿ ಫ್ರೆಂಚ್ ಸೈನ್ಯ ಆರನೆಯ ಪಿಯುಸರನ್ನು ಸೆರೆಹಿಡಿದಾಗ ಮುಗಿಯಿತು ಎನ್ನುವವರಿದ್ದಾರೆ. ಆದರೆ 538ರಲ್ಲಿ ಪೀಠದಲ್ಲಿದ್ದವನು ವಿಜಿಲಿಯುಸ್. ಅವನನ್ನು ಚಕ್ರವರ್ತಿ ಜಸ್ಟಿನಿಯನ್ ರೋಮಿನಿಂದ ಹಿಡಿದು ತರಿಸಿ ಕಾನ್‌ಸ್ಟಾಂಟಿನೋಪಲಿನಲ್ಲಿ ವರ್ಷಗಟ್ಟಲೆ ಇಟ್ಟುಕೊಂಡಿದ್ದ. ಇದನ್ನು ಪ್ರಭುತ್ವ ಎನ್ನುವುದು ಕಷ್ಟ. 1798ರ ಕಥೆಯೂ ಮುಗಿಯಲಿಲ್ಲ. ಎರಡೇ ವರ್ಷದಲ್ಲಿ ವೆನಿಸಿನಲ್ಲಿ ಹೊಸ ಪೋಪ್ ಆಯ್ಕೆಯಾದ.

ಇಷ್ಟೆಲ್ಲ ಗೆಲುವಿನ ನಡುವೆ ಎರಡು ಕಪ್ಪುಚುಕ್ಕೆಗಳಿವೆ. ಕ್ರಿಸ್ತವಿರೋಧಿ ಯೆಹೂದಿಯಾಗಿ ಹುಟ್ಟುವನು, ಯೆಹೂದಿಗಳು ಅವನನ್ನೇ ಮೆಸ್ಸೀಯನೆಂದು ಒಪ್ಪುವರು, ಜೆರುಸಲೇಮಿನ ದೇವಾಲಯದಲ್ಲಿ ಅವನು ಕೂರುವನು ಎಂಬ ಪ್ರಾಚೀನ ಧರ್ಮಸಭೆಯ ಪಿತೃಗಳ ಮಾತನ್ನು ಬೆಲ್ಲರ್ಮಿನ್ ಮುಖ್ಯ ಪುರಾವೆಯಾಗಿ ಬಳಸಿದ. ಪೋಪರ ಹೆಗಲಿನಿಂದ ಇಳಿದ ಹೊರೆ ಇನ್ನೊಂದು ಜನಾಂಗದ ತಲೆಯ ಮೇಲೆ ಬಿತ್ತು. ಅವನು ಇದನ್ನು ಬರೆಯುವಾಗ ರೋಮಿನ ಯೆಹೂದಿಗಳು 1555ರಲ್ಲಿ ನಾಲ್ಕನೆಯ ಪೌಲ್ ಕಟ್ಟಿಸಿದ ಗೋಡೆಗಳ ಒಳಗಿದ್ದರು.

ಎರಡನೆಯದು ಫ್ರಾನ್ಸಿನದು. ಪ್ರಾಟೆಸ್ಟೆಂಟರಿಗೆ ಆರಾಧನೆಯ ಅವಕಾಶ ಕೊಟ್ಟಿದ್ದ ನಾಂಟ್ ಶಾಸನವನ್ನು 1685ರಲ್ಲಿ ಹದಿನಾಲ್ಕನೆಯ ಲೂಯಿ ರದ್ದುಮಾಡಿದಾಗ ಅವರು ದೇಶ ಬಿಟ್ಟು ಓಡಬೇಕಾಯಿತು. ಹಾಲೆಂಡಿನಲ್ಲಿದ್ದ ಪಿಯೇರ್ ಜೂರ್ಯು 1686ರಲ್ಲಿ ಪ್ರಕಟನೆಯ ಸಾಕ್ಷಿಗಳು ಸತ್ತು ಬಿದ್ದ ಮೂರೂವರೆ ದಿನಗಳನ್ನು ವರ್ಷಗಳಾಗಿ ಎಣಿಸಿ, 1689ರ ಹೊತ್ತಿಗೆ ಬಿಡುಗಡೆ ಬರುವುದೆಂದು ಬರೆದ. ಬಿಷಪ್ ಬೊಸ್ಸುವೆ 1689ರಲ್ಲಿ ಕೊಟ್ಟ ಉತ್ತರ ಸೊಗಸಾಗಿದೆ: 410ರಲ್ಲಿ ಅಲಾರಿಕ್ ರೋಮನ್ನು ಸೂರೆಮಾಡಿದ್ದೇ ಬಾಬಿಲೋನಿನ ಪತನ. ಜೂರ್ಯುವಿನ ಲೆಕ್ಕ ತಪ್ಪಿತ್ತು, ಬೊಸ್ಸುವೆಯ ಓದು ಎಷ್ಟೋ ವಾಸಿ. ಆದರೆ ಆ ಶಾಸನದ ರದ್ದತಿಯನ್ನು ಹಾಡಿ ಹೊಗಳಿದವನೂ ಇದೇ ಬೊಸ್ಸುವೆ. ಮನೆಗೆ ಸೈನಿಕರು ನುಗ್ಗಿ ಬಲವಂತದ ಮತಾಂತರಕ್ಕೆ ಒಳಗಾದವರಿಗೆ ಮೃಗ ಎಲ್ಲಿದೆ ಎಂದು ವ್ಯಾಖ್ಯಾನ ಓದಿ ತಿಳಿಯಬೇಕಿರಲಿಲ್ಲ.

ಈ ಪರಂಪರೆಯಲ್ಲಿ ಆರೋಪದ ಒಳಮನಸ್ಸನ್ನು ಮುಟ್ಟಿದವನು ಜಾನ್ ಹೆನ್ರಿ ನ್ಯೂಮನ್. ಅದೂ ಇನ್ನೂ ಆಂಗ್ಲಿಕನ್ ಆಗಿದ್ದ 1840ರಲ್ಲಿ. ಬಾಲ್ಯದಲ್ಲಿ ಬಿಷಪ್ ಥಾಮಸ್ ನ್ಯೂಟನ್ನನ ಪುಸ್ತಕ ಓದಿ ಪೋಪನೇ ಕ್ರಿಸ್ತವಿರೋಧಿ ಎಂದು ನಂಬಿದ್ದವನು ಅವನು. ಆ ಕಲೆ ತನ್ನ ಕಲ್ಪನೆಯಿಂದ 1843ರವರೆಗೂ ಹೋಗಲಿಲ್ಲವೆಂದು ಮುಂದೆ ಒಪ್ಪಿಕೊಂಡ. ಅವನ ವಾದ ಹೀಗೆ: ಕ್ರಿಸ್ತನ ಪರವಾಗಿ ಮಾತಾಡುತ್ತೇನೆ ಎನ್ನುವ ಯಾವ ಧರ್ಮಸಭೆಯಾದರೂ ನಂಬದವರ ಕಣ್ಣಿಗೆ ಕ್ರಿಸ್ತನ ಸ್ಥಾನ ಕದ್ದಂತೆಯೇ ಕಾಣುತ್ತದೆ. ಹಾಗಾಗಿ ಹೋಲಿಕೆಯೊಂದರಿಂದಲೇ ಅಪರಾಧ ಸಾಬೀತಾಗದು. ಈ ಅಳತೆಯಿಂದ ಆಂಗ್ಲಿಕನ್ ಸಭೆಯೂ ಪಾರಾಗದು. ಪೋಪರನ್ನು ಲೋಕಾಸಕ್ತರೆಂದು ಜರೆದ ಬಿಷಪ್ ನ್ಯೂಟನ್ನನ ಆತ್ಮಕಥೆ ಪದವಿಗಳ ಬೆನ್ನಟ್ಟಿದ ಕಥೆಯೇ ಎಂಬುದನ್ನೂ ಅವನು ನಗುನಗುತ್ತಲೇ ಎತ್ತಿ ತೋರಿಸಿದ.

ಇಷ್ಟಾದರೂ ಆರೋಪದ ಕಾವು ಇಳಿದದ್ದು ಪುಸ್ತಕಗಳಿಂದಲ್ಲ. 1870ರಲ್ಲಿ ಪೋಪರ ರಾಜ್ಯ ಕೈಬಿಟ್ಟುಹೋಯಿತು. 1965ರಲ್ಲಿ ಎರಡನೆಯ ವ್ಯಾಟಿಕನ್ ಮಹಾಸಭೆ ಧಾರ್ಮಿಕ ಸ್ವಾತಂತ್ರ್ಯವನ್ನು ಹಕ್ಕೆಂದು ಒಪ್ಪಿತು, ಯೆಹೂದಿಗಳನ್ನು ದೇವರಿಂದ ಶಪಿತರೆಂದು ಚಿತ್ರಿಸಬಾರದೆಂದೂ ಹೇಳಿತು. 1988ರಲ್ಲಿ ಯುರೋಪಿನ ಸಂಸತ್ತಿನಲ್ಲಿ ಉತ್ತರ ಐರ್ಲೆಂಡಿನ ಪ್ರಾಟೆಸ್ಟೆಂಟ್ ನಾಯಕ ಇಯಾನ್ ಪೇಸ್ಲಿ ಎದ್ದು ನಿಂತು ಎರಡನೆಯ ಜಾನ್ ಪಾಲ್‌ರನ್ನು ಕ್ರಿಸ್ತವಿರೋಧಿ ಎಂದು ಕೂಗಿದಾಗ ಸಭೆ ಅವನನ್ನೇ ಹೊರಗೆ ಹಾಕಿತು. ಅದೇ ಪೋಪ್ 2000ದ ಮಾರ್ಚಿನಲ್ಲಿ, ಸತ್ಯದ ಹೆಸರಿನಲ್ಲಿ ಧರ್ಮಸಭೆಯ ಮಕ್ಕಳು ನಡೆಸಿದ ಬಲಾತ್ಕಾರಕ್ಕಾಗಿ ದೇವರ ಕ್ಷಮೆ ಬೇಡಿದರು.

ಬೆಲ್ಲರ್ಮಿನನ ತರ್ಕದಲ್ಲಿ ಇಂದಿಗೂ ಉಳಿಯುವ ಭಾಗ ದೊಡ್ಡದು: ಪ್ರವಾದನೆಯ ಸಂಕೇತವನ್ನು ಪತ್ರಿಕೆಯ ಸುದ್ದಿಗೆ ಹೊಂದಿಸಬೇಡಿ ಎಂಬುದು. ಆದರೆ ‘ನೀನು ಮೃಗ’ ಎನ್ನುವವನ ಮಾತಿನಲ್ಲಿ ವ್ಯಾಖ್ಯಾನವೂ ಇರುತ್ತದೆ, ದೂರೂ ಇರುತ್ತದೆ. ವ್ಯಾಖ್ಯಾನ ತಪ್ಪೆಂದು ತೋರಿಸಲು ಪಂಡಿತರು ಸಾಕು. ದೂರಿಗೆ ಉತ್ತರ ಕೊಡಬೇಕಾದದ್ದು ಅಧಿಕಾರ ನಡೆಸಿದವರು, ಅವರು ಬಾಯಿಬಿಡಲು ನಾಲ್ಕೂವರೆ ಶತಮಾನ ಹಿಡಿಯಿತು.