ಆಯವ್ಯಯದಲ್ಲಿ ಕೇಳಿಸದ ಧ್ವನಿ

ಪ್ರತಿವರ್ಷ ಕೇಂದ್ರದ ಆಯವ್ಯಯ ಮಂಡನೆಯಾದಾಗ ತೆರಿಗೆ, ರೈಲು, ರಸಗೊಬ್ಬರಗಳ ಮಾತು ನಮ್ಮ ಮನೆಯಂಗಳವನ್ನು ತಲಪುತ್ತದೆ. ಪ್ರಸಾರ ಭಾರತಿಗೆ ಎಷ್ಟು ಸಂದಿತು ಎಂದು ಹಾನಗಲ್ಲಿನಲ್ಲಾಗಲಿ ಹಿರೇಕೆರೂರಿನಲ್ಲಾಗಲಿ ವಿಚಾರಿಸುವವರು ವಿರಳ. ಲೋಕಸಭೆಯಲ್ಲಿಯೂ ಹಲವು ಇಲಾಖೆಗಳ ಅನುದಾನದ ಬೇಡಿಕೆಗಳು ಚರ್ಚೆಯಿಲ್ಲದೆ ಒಟ್ಟಾಗಿ ಮತಕ್ಕೆ ಬೀಳುತ್ತವೆ. ಚರ್ಚೆ ನಡೆದಾಗಲಾದರೂ ಮುಂದೆ ಬರುವ ಪ್ರಶ್ನೆ ಒಂದೇ: ವರಮಾನವೆಷ್ಟು, ವೆಚ್ಚವೆಷ್ಟು? ನನ್ನ ಆಕ್ಷೇಪ ಈ ಅಳತೆಗೋಲಿನ ಮೇಲೆಯೇ.

ಏಕೆಂದರೆ ಕಾನೂನು ಬೇರೆಯದನ್ನೇ ಹೇಳುತ್ತದೆ. 1990ರ ಪ್ರಸಾರ ಭಾರತಿ ಕಾಯಿದೆ ಜಾರಿಗೆ ಬಂದದ್ದು 1997ರಲ್ಲಿ; ನಮ್ಮ ಹಾವೇರಿ ಜಿಲ್ಲೆ ಹುಟ್ಟಿದ್ದೂ ಅದೇ ವರ್ಷ. ಪ್ರಸಾರವು ಸಾರ್ವಜನಿಕ ಸೇವೆಯಾಗಿ ನಡೆಯಬೇಕು, ಸಾಕ್ಷರತೆ, ಕೃಷಿ, ಗ್ರಾಮಾಭಿವೃದ್ಧಿಗಳಿಗೆ ವಿಶೇಷ ಗಮನ ಕೊಡಬೇಕು, ನಾನಾ ಪ್ರದೇಶಗಳ ಭಾಷೆ ಸಂಸ್ಕೃತಿಗಳಿಗೆ ಎಡೆ ನೀಡಬೇಕು ಎಂದು ಅದು ವಿಧಿಸುತ್ತದೆ. ಅಂಚೆ ಕಚೇರಿಯಲ್ಲಿ ರೇಡಿಯೋ ಲೈಸೆನ್ಸಿನ ಶುಲ್ಕ ಕಟ್ಟಿದ ಹಿರಿಯರು ನಮ್ಮಲ್ಲಿ ಇನ್ನೂ ಇದ್ದಾರೆ. 1980ರ ದಶಕದಲ್ಲಿ ಆ ಶುಲ್ಕ ರದ್ದಾದ ಮೇಲೆ ಜಾಹೀರಾತಿನ ಆದಾಯ ಸಾಲದ ಕಡೆ ಸರ್ಕಾರದ ಅನುದಾನವೇ ಗತಿಯಾಯಿತು.

ಧಾರವಾಡ ಆಕಾಶವಾಣಿ 1950ರ ಜನವರಿ 8ರಂದು ಆರಂಭವಾಯಿತು. ಮಲ್ಲಿಕಾರ್ಜುನ ಮನ್ಸೂರರು ಅಲ್ಲಿ ಸಂಗೀತ ಸಲಹೆಗಾರರಾಗಿದ್ದರು. ಎನ್ಕೆ ಕುಲಕರ್ಣಿಯವರಂಥ ಬರೆಹಗಾರರು ಅದರ ಸಿಬ್ಬಂದಿಯಾಗಿದ್ದರು. ಸವಣೂರಿನ ಎಲೆಬಳ್ಳಿಯ ತೋಟಕ್ಕೂ ಹಾನಗಲ್ಲಿನ ಭತ್ತದ ಗದ್ದೆಗೂ ತನ್ನದೇ ಭಾಷೆಯಲ್ಲಿ ಮಾತನಾಡುವ ಒಂದು ನಿಲಯ ಹೀಗೆ ಬೆಳೆಯಿತು. ಲಾಭನಷ್ಟದ ಪಟ್ಟಿಯಲ್ಲಿ ಇದನ್ನು ಯಾವ ಕಲಮಿನಲ್ಲಿ ಬರೆಯುತ್ತಾರೆ?

ಈಗ ಎಲ್ಲರ ಕೈಯಲ್ಲೂ ಮೊಬೈಲ್ ಇದೆಯಲ್ಲ, ಸರ್ಕಾರದ ಹಣವೇಕೆ ಎಂಬುದು ಹಗುರವಾಗಿ ತಳ್ಳಿಹಾಕುವ ಮಾತಲ್ಲ. ಆದರೆ ಮೊಬೈಲಿನಲ್ಲಿ ಬೆಂಗಳೂರು ಧಾರಾಳವಾಗಿ ಸಿಗುತ್ತದೆ, ಹಿರೇಕೆರೂರಿನ ಗೋವಿನಜೋಳ ಸಿಗುವುದು ಅಪರೂಪ. ಖಾಸಗಿ ಎಫ್‌ಎಂ ನಗರವನ್ನು ಬಿಟ್ಟು ಬರುವುದು ಕಡಿಮೆ. ಆಕಾಶವಾಣಿಯ ವಾರ್ತೆಯನ್ನು ಮರುಪ್ರಸಾರ ಮಾಡಬಹುದೇ ಹೊರತು ಸ್ವಂತ ವಾರ್ತೆ ಬಿತ್ತರಿಸಲು ಅದಕ್ಕೆ ಅನುಮತಿಯಿಲ್ಲ.

ಹಣವೇ ಬರುತ್ತಿಲ್ಲವೆಂದೂ ಹೇಳಲಾಗದು. 2023ರ ಜನವರಿಯಲ್ಲಿ ಕೇಂದ್ರ ಸಂಪುಟ 2025-26ರವರೆಗಿನ ಯೋಜನೆಯೊಂದಕ್ಕೆ 2,539.61 ಕೋಟಿ ರೂಪಾಯಿ ಮಂಜೂರು ಮಾಡಿತು. ಆಕಾಶವಾಣಿ ಎಫ್‌ಎಂ ವ್ಯಾಪ್ತಿಯನ್ನು ಜನಸಂಖ್ಯೆಯ ಶೇಕಡ 68ರಿಂದ 80ಕ್ಕೆ ಏರಿಸುವುದು ಅದರ ಒಂದು ಗುರಿ. ಒಳ್ಳೆಯದೇ. ಆದರೆ ಮಧ್ಯಮ ತರಂಗ ನೆಲವನ್ನು ಹಿಡಿದು ಬಹುದೂರ ಸಾಗಿದರೆ, ಎಫ್‌ಎಂ ದೃಷ್ಟಿ ಹಾಯುವಷ್ಟರಲ್ಲೇ ಸೊರಗುತ್ತದೆ. ಹೊಸ ಗೋಪುರಗಳು ಹತ್ತಿರದಲ್ಲಿ ಏಳದೆ ಹಳೆಯ ತರಂಗ ನಿಂತರೆ ಧಾರವಾಡದ ಧ್ವನಿ ಮೊದಲು ಮಂಕಾಗುವುದು ದೂರದ ಹಿರೇಕೆರೂರಿನಲ್ಲಿ, ಕೊನೆಗೆ ಶಿಗ್ಗಾವಿಯಲ್ಲಿ. ಹಿಂದಿನ ದಶಕದಲ್ಲಿ ಡಿಜಿಟಲ್ ರೇಡಿಯೋ ಎಂದು ಮೂವತ್ತಕ್ಕೂ ಹೆಚ್ಚು ಪ್ರೇಷಕಗಳಿಗೆ ವೆಚ್ಚ ಮಾಡಿದರು. ಅದನ್ನು ಕೇಳುವ ಪೆಟ್ಟಿಗೆಯೇ ಹಳ್ಳಿಯ ಅಂಗಡಿಗೆ ಬರಲಿಲ್ಲ!

ಯಂತ್ರಕ್ಕೆ ಇರುವ ಉತ್ಸಾಹ ಮನುಷ್ಯರಿಗಿಲ್ಲ. 2007ರ ಅಕ್ಟೋಬರ್ 5ಕ್ಕೆ ಮುಂಚೆ ಸೇವೆಯಲ್ಲಿದ್ದವರನ್ನು ನಿಯೋಜನೆಯ ಮೇಲಿರುವ ಸರ್ಕಾರಿ ನೌಕರರೆಂದು ಪರಿಗಣಿಸಲಾಗಿದೆ. ಅನುದಾನದ ದೊಡ್ಡ ಪಾಲು ಸಂಬಳಕ್ಕೆ ಹೋಗುತ್ತದೆ. ಅವರು ನಿವೃತ್ತರಾದಂತೆ ತೆರವಾಗುವ ಕುರ್ಚಿಯಲ್ಲಿ ಯಾರು ಕೂರುತ್ತಾರೆ? ಉತ್ತರ ಕರ್ನಾಟಕದ ಮಾತಿನ ಬನಿಯನ್ನು ಪ್ರೇಷಕ ತಯಾರಿಸಲಾರದು.

ಹೊರದೇಶಗಳಲ್ಲೂ ಈ ಜಗ್ಗಾಟವಿದೆ. 2025ರ ಜುಲೈಯಲ್ಲಿ ಅಮೆರಿಕದ ಸಂಸತ್ತು ಸಾರ್ವಜನಿಕ ಪ್ರಸಾರಕ್ಕೆ ಮೀಸಲಿಟ್ಟಿದ್ದ 110 ಕೋಟಿ ಡಾಲರನ್ನು ಹಿಂಪಡೆಯಿತು. ಸಣ್ಣ ಊರುಗಳ ನಿಲಯಗಳ ಗತಿಯೇನೆಂಬ ಪ್ರಶ್ನೆ ಅಲ್ಲಿ ಸದನದಲ್ಲಿ ಕೇಳಿಬಂತು. ನಿರ್ಧಾರ ಬದಲಾಗಲಿಲ್ಲ, ನಿಜ, ಕೇಳಿದವರಾದರೂ ಇದ್ದರು.

ನಮ್ಮ ಕಡೆಯಿಂದಲೂ ಕೇಳಬಹುದು. ಹಾನಗಲ್ಲ, ಹಿರೇಕೆರೂರು ಹಾವೇರಿ ಲೋಕಸಭಾ ಕ್ಷೇತ್ರದಲ್ಲಿವೆ; ಸವಣೂರನ್ನು ಒಳಗೊಂಡ ಶಿಗ್ಗಾವಿ ಧಾರವಾಡ ಕ್ಷೇತ್ರಕ್ಕೆ ಸೇರಿದೆ. ಧಾರವಾಡ ನಿಲಯದಲ್ಲಿ ಖಾಲಿ ಹುದ್ದೆಗಳೆಷ್ಟು, ಅಲ್ಲಿಯೇ ತಯಾರಾದ ಕನ್ನಡ ಕಾರ್ಯಕ್ರಮ ದಿನಕ್ಕೆ ಎಷ್ಟು ಗಂಟೆ ಎಂಬೆರಡು ಪ್ರಶ್ನೆಗಳನ್ನು ಮುಂದಿನ ಅಧಿವೇಶನಕ್ಕೆ ಮೊದಲು ಎರಡೂ ಕ್ಷೇತ್ರಗಳ ಸದಸ್ಯರಿಗೆ ಬರೆದು ಕಳಿಸಲು ಒಂದು ಅಂಚೆ ಕಾರ್ಡು ಸಾಕು.