ಸ್ಪರ್ಶಲಿಪಿಯ ಗಣಿತಗ್ರಂಥಗಳು: ನೆಮೆತ್ ಸಂಕೇತದ ಗುಣದೋಷ ವಿಚಾರ

ಗಣಿತದ ಬರವಣಿಗೆಯು ಗದ್ಯದಂತೆ ಒಂದೇ ಸಾಲಿನಲ್ಲಿ ಹರಿಯತಕ್ಕದ್ದಲ್ಲ. ಅಂಶವು ಮೇಲೆ, ಛೇದವು ಕೆಳಗೆ, ಘಾತವು ಹೆಗಲಮೇಲೆ. ಹೀಗೆ ಅದರಲ್ಲಿ ಸ್ಥಾನವೇ ಅರ್ಥವಾಗಿ ನಿಲ್ಲುತ್ತದೆ. ಕಣ್ಣು ಇದನ್ನು ಒಂದು ನೋಟಕ್ಕೆ ಗ್ರಹಿಸುವುದು. ಬೆರಳ ತುದಿಗೆ ಒಂದು ಸಲಕ್ಕೆ ಸಿಕ್ಕುವುದು ಆರು ಚುಕ್ಕೆಗಳ ಒಂದು ಮನೆ ಮಾತ್ರ. ಆದುದರಿಂದ ಅಂಧ ವಿದ್ಯಾರ್ಥಿಗಳಿಗಾಗಿ ಸಿದ್ಧವಾದ ಗಣಿತಗ್ರಂಥವನ್ನು ವಿಮರ್ಶಿಸುವಾಗ, ಸ್ಥಾನದಲ್ಲಿದ್ದ ಅರ್ಥವು ಸಾಲಿಗಿಳಿದ ಮೇಲೂ ಕೆಡದೆ ಉಳಿದಿದೆಯೆ ಎಂಬುದೇ ಮೊದಲು ಪರೀಕ್ಷಿಸಬೇಕಾದ ವಿಷಯ.

ಬ್ರೈಲ್ ಲಿಪಿಯಲ್ಲಿ ಅಂಕಿಗಳಿಗೆ ಬೇರೆ ರೂಪವಿಲ್ಲ. ಎ ಮೊದಲ್ಗೊಂಡು ಜೆ ವರೆಗಿನ ಹತ್ತು ಅಕ್ಷರಗಳ ಮುಂಚೆ ಸಂಖ್ಯಾಚಿಹ್ನೆಯೊಂದನ್ನಿಟ್ಟರೆ ಅವೇ ಅಂಕಿಗಳಾಗುವುವು. ಕಥೆ ಚರಿತ್ರೆಗಳಿಗೆ ಇದು ಸಾಕು. ಅಕ್ಷರವೂ ಅಂಕಿಯೂ ಹೆಜ್ಜೆಹೆಜ್ಜೆಗೆ ಬೆರೆಯುವ ಬೀಜಗಣಿತಕ್ಕೆ ಸಾಲದು. ಹುಟ್ಟುಗುರುಡರಾದ ಅಮೆರಿಕದ ಅಬ್ರಹಾಂ ನೆಮೆತ್ (೧೯೧೮–೨೦೧೩) ಈ ತೊಡಕನ್ನು ಬಿಡಿಸಿದ ಬಗೆಯು ಬಹು ಸರಳವಾದುದು. ಆ ಹತ್ತು ರೂಪಗಳೂ ಮನೆಯ ಮೇಲಿನ ನಾಲ್ಕು ಚುಕ್ಕೆಗಳಲ್ಲಿಯೇ ಮುಗಿಯುವುದರಿಂದ, ಅಂಕಿಗಳನ್ನು ಅವರು ಒಂದು ಪಂಕ್ತಿ ಕೆಳಗಿಳಿಸಿದರು. ಅಕ್ಷರ ಮೇಲುಳಿಯಿತು, ಅಂಕಿ ಕೆಳಗಾಯಿತು. ಗಣಿತವು ಕುರುಡರಿಗೆ ಒಗ್ಗದೆಂಬ ಹಿತವಚನವನ್ನು ಕೇಳಿ ಮೊದಲು ಮನಶ್ಶಾಸ್ತ್ರವನ್ನು ಓದಿದ್ದವರು ಇವರೇ ಎಂಬುದು ಗಮನಾರ್ಹ. ಇವರ ಸಂಕೇತವು ಅಮೆರಿಕದಲ್ಲಿ ೧೯೫೨ರಲ್ಲಿ ಅಂಗೀಕೃತವಾಯಿತು; ೧೯೭೨ರ ಪರಿಷ್ಕರಣವು ಬಹುಕಾಲ ಪ್ರಮಾಣವಾಗಿತ್ತು.

ಭಿನ್ನರಾಶಿಯನ್ನು ಇಲ್ಲಿ ಮೂರು ಚಿಹ್ನೆಗಳು ಕಾಯುತ್ತವೆ: ತೆರೆಯುವುದೊಂದು, ನಡುಗೆರೆಯೊಂದು, ಮುಚ್ಚುವುದೊಂದು. 'ಒಂದರ ಕೆಳಗೆ ಎಕ್ಸ್, ಕೂಡಿಸು ಒಂದು' ಎಂದು ಬಾಯಲ್ಲಿ ಹೇಳಿದರೆ ಕೊನೆಯ ಒಂದು ಛೇದಕ್ಕೆ ಸೇರಿದುದೋ ಹೊರಗಿನದೋ ತಿಳಿಯದು. ಮುಚ್ಚುವ ಚಿಹ್ನೆಯು ಆ ಸಂಶಯಕ್ಕೆ ಎಡೆಗೊಡುವುದಿಲ್ಲ. ಭಿನ್ನರಾಶಿಯೊಳಗೆ ಮತ್ತೊಂದು ಭಿನ್ನರಾಶಿಯಿದ್ದರೆ ಹೊರಗಿನದರ ಮೂರು ಚಿಹ್ನೆಗಳಿಗೂ ಒಂದೊಂದು ಚುಕ್ಕೆಯ ಮುನ್ನುಡಿ. ಅಚ್ಚಿನಲ್ಲಿ ಕಂಡುದನ್ನು ಕಂಡಂತೆ ತಿಳಿಸಬೇಕು, ಲಿಪಿಕಾರನು ತನ್ನ ವ್ಯಾಖ್ಯಾನವನ್ನು ಬೆರಸಕೂಡದು ಎಂಬ ಈ ನಿಷ್ಠೆಯು ಗ್ರಂಥಸಂಪಾದಕರೂ ಮೆಚ್ಚತಕ್ಕದ್ದು.

ಆದರೆ ಇದೇ ನಿಷ್ಠೆಯು ರೇಖಾಗಣಿತದ ಚಿತ್ರಗಳಲ್ಲಿ ದೋಷವಾಗಿ ಪರಿಣಮಿಸುತ್ತದೆ. ಘನಾಕೃತಿಯೊಂದನ್ನು ಕಾಗದದಲ್ಲಿ ಬರೆದಾಗ ಅದರ ಪಕ್ಕದ ಮುಖಗಳು ಓರೆಯಾಗುವುವು, ಲಂಬಕೋನವು ಲಘುಕೋನವಾಗುವುದು, ಮರೆಯ ಅಂಚುಗಳು ತುಂಡುಗೆರೆಗಳಾಗುವುವು. ಇವೆಲ್ಲ ಕಣ್ಣಿನೊಡನೆ ಮಾಡಿಕೊಂಡ ಒಪ್ಪಂದಗಳು. ಬೆರಳು ಆ ಒಪ್ಪಂದಕ್ಕೆ ಸಹಿ ಹಾಕಿದುದಲ್ಲ. ಉಬ್ಬುಗೆರೆಯ ಮೇಲೆ ಹರಿದ ಬೆರಳು ಅರುವತ್ತು ಅಂಶಗಳ ಕೋನವನ್ನು ಅರುವತ್ತೆಂದೇ ಓದುವುದು. ಇಂಥ ಚಿತ್ರವನ್ನು ಹಾಗೆಯೇ ಉಬ್ಬಿಸಿಕೊಟ್ಟರೆ ಯಥಾಪ್ರತಿಯಾದೀತೇ ಹೊರತು ಪಾಠವಾಗದು. ಮೇಲಿನಿಂದ ಒಂದು, ಪಕ್ಕದಿಂದ ಒಂದು, ಬಿಚ್ಚಿ ಹರಡಿದ ಮುಖಗಳದೊಂದು ಎಂದು ಮೂರು ಚಿತ್ರಗಳಾಗಿ ಒಡೆಯುವುದೇ ಲೇಸು. ಇದಲ್ಲದೆ ಬ್ರೈಲ್ ಅಕ್ಷರವನ್ನು ಕಿರಿದು ಮಾಡಲಾಗದು. ಸಣ್ಣ ತ್ರಿಭುಜದ ಮೂಲೆಗಳಲ್ಲಿ ಮೂರು ಹೆಸರುಗಳನ್ನಿಟ್ಟರೆ ತ್ರಿಭುಜವೇ ಕಾಣೆಯಾಗುವುದು. ಮಂದದೃಷ್ಟಿಯವರಿಗೆಂದು ಹಿಗ್ಗಿಸಿದ ಅಚ್ಚಿನಲ್ಲಿಯೂ ಘಾತಾಂಕವು ಹಿಗ್ಗದೆ ಉಳಿಯುವುದುಂಟು.

ಕನ್ನಡದಲ್ಲಿ ಇನ್ನೊಂದು ತೊಡಕುಂಟು. ೧೯೫೧ರ ಭಾರತಿ ಬ್ರೈಲಿನಲ್ಲಿ ನಮ್ಮ ಕಕಾರಕ್ಕೂ ಇಂಗ್ಲಿಷಿನ 'ಕೆ' ಅಕ್ಷರಕ್ಕೂ ಚುಕ್ಕೆಗಳು ಒಂದೇ. ಕನ್ನಡ ವಾಕ್ಯದ ನಡುವೆ ಬರುವ ಬೀಜಾಕ್ಷರವು ಅಚ್ಚಿನಲ್ಲಿ ಲಿಪಿಭೇದದಿಂದಲೇ ತೋರುವುದು. ಸ್ಪರ್ಶಕ್ಕೆ ಅದನ್ನು ಬೇರೊಂದು ಚಿಹ್ನೆಯಿಂದ ಸಾರಬೇಕು. ಈ ಎಚ್ಚರಿಕೆಯಿಲ್ಲದ ಪುಸ್ತಕವನ್ನು ಕೈಗೆ ಕೊಟ್ಟು, ವಿದ್ಯಾರ್ಥಿಯು ಎಡವಿದಾಗ ಗಣಿತಕ್ಕೆ ಬದಲಾಗಿ ಬೇರೊಂದು ವಿಷಯವನ್ನು ತೆಗೆದುಕೊಳ್ಳೆಂದು ವಿನಾಯಿತಿ ನೀಡುವುದು ಕರುಣೆಯಂತೆ ತೋರಬಹುದು. ಪುಸ್ತಕದ ಅಪರಾಧಕ್ಕೆ ಓದುಗನಿಗೆ ಶಿಕ್ಷೆಯಾಗುವುದು ಹೀಗೆಯೇ.

ಹದಿನೆಂಟನೆಯ ಶತಮಾನದಲ್ಲಿಯೇ ಕೇಂಬ್ರಿಜ್ಜಿನಲ್ಲಿ ಗಣಿತದ ಪ್ರಾಧ್ಯಾಪಕರಾಗಿದ್ದ ಅಂಧ ಪಂಡಿತ ನಿಕೋಲಸ್ ಸಾಂಡರ್ಸನ್ (೧೬೮೨–೧೭೩೯) ಹಲಗೆಯ ರಂಧ್ರಗಳಲ್ಲಿ ಗುಂಡುಸೂಜಿಗಳನ್ನು ನೆಟ್ಟು ಲೆಕ್ಕ ಮಾಡುತ್ತಿದ್ದರು. ಸೂಜಿಗಳಿಗೆ ದಾರವನ್ನು ಬಿಗಿದು ಆಕೃತಿಗಳನ್ನು ಕಟ್ಟುತ್ತಿದ್ದರು. ೧೭೪೦ರಲ್ಲಿ ಪ್ರಕಟವಾದ ಅವರ ಬೀಜಗಣಿತದಲ್ಲಿ ಆ ಹಲಗೆಯ ವಿವರಣೆಯೂ ಇದೆ. ಇಂದಿನ ಉಬ್ಬುಚಿತ್ರವು ಮುಗಿದ ಆಕೃತಿಯನ್ನು ಕೊಡುತ್ತದೆ. ಸಾಂಡರ್ಸನ್ನರ ದಾರವನ್ನಾದರೋ ಬಿಚ್ಚಿ ಮತ್ತೆ ಕಟ್ಟಬಹುದಾಗಿತ್ತು.