ಬೀಳಗಿಯ ಅಕ್ಕ–ತಂಗಿಯರನ್ನು ಓದುವ ಬಗೆ

ನಟ–ನಟಿಯರ, ಗಾಯಕರ ಜೀವನಚರಿತ್ರೆ ಓದುವ ರುಚಿ ಈಗಷ್ಟೇ ಹತ್ತಿದವರಿಗೆ ಮೊದಲ ಮಾತು: ಪುಸ್ತಕ ಬಿಚ್ಚುವ ಮೊದಲು ಹಾಡು ಕೇಳಿ. ಜಮಖಂಡಿ, ಮುಧೋಳ, ರಬಕವಿ-ಬನಹಟ್ಟಿ ಕಡೆಯವರು ಇದಕ್ಕಾಗಿ ದೂರ ಹೋಗಬೇಕಿಲ್ಲ. ಬಗಲಲ್ಲೇ ಇರುವ ಬೀಳಗಿಯಲ್ಲಿ ಹುಟ್ಟಿದ ಅಮೀರಬಾಯಿ ಕರ್ನಾಟಕಿ 1943ರ ‘ಕಿಸ್ಮತ್’ ಚಿತ್ರಕ್ಕೆ ಹಾಡಿದ್ದಾರೆ, 1944ರ ‘ರತನ್’ ಚಿತ್ರಕ್ಕೂ ಹಾಡಿದ್ದಾರೆ. ಮೊದಲನೆಯದಕ್ಕೆ ಅನಿಲ್ ಬಿಸ್ವಾಸ್ ಸಂಗೀತ, ಎರಡನೆಯದಕ್ಕೆ ನೌಷಾದ್. ಎರಡನ್ನೂ ಕೇಳಿ. ಎದೆ ತುಂಬಿ ಬರುವ ದನಿ ಅದು. ಒಂದೊಂದು ಶಬ್ದವೂ ಬಿಡಿಯಾಗಿ ಕಿವಿಗೆ ಬೀಳುತ್ತದೆ. ಮೈಕಿಲ್ಲದ ನಾಟಕದ ಥೇಟರಿನಲ್ಲಿ ಕೊನೆಯ ಸಾಲಿನವನಿಗೂ ಮಾತು ಮುಟ್ಟಿಸಬೇಕಾಗಿದ್ದ ಕಾಲದ ಗಾಯನ ಹೀಗಿತ್ತು. ಇದು ಕಿವಿಯಲ್ಲಿ ಕೂತ ಮೇಲೆ ಜೀವನಚರಿತ್ರೆಯ ಪುಟಗಳು ಬೇರೆಯೇ ಆಗಿ ಕಾಣುತ್ತವೆ.

ಕೇಳುವಾಗ ಗಡಿಯಾರವನ್ನೂ ನೋಡಿ. ಅಂದಿನ ಹತ್ತು ಇಂಚಿನ ಗ್ರಾಮೋಫೋನ್ ಪ್ಲೇಟು ನಿಮಿಷಕ್ಕೆ 78 ಸುತ್ತು ತಿರುಗುತ್ತಿತ್ತು, ಒಂದು ಬದಿಗೆ ಮೂರು ನಿಮಿಷದ ಮೇಲೆ ಸ್ವಲ್ಪ ಹಿಡಿಯುತ್ತಿತ್ತು. ಆಲಾಪಕ್ಕೆ ಪುರುಸೊತ್ತಿಲ್ಲ. ಎತ್ತಿಕೊಂಡ ಸಾಲಿನಲ್ಲೇ ಕೇಳುಗನನ್ನು ಹಿಡಿಯಬೇಕು. ಎಷ್ಟೋ ಪ್ಲೇಟುಗಳ ಮೇಲೆ ಹಾಡಿದವರ ಹೆಸರೇ ಇರುತ್ತಿರಲಿಲ್ಲ, ಚಿತ್ರದ ಪಾತ್ರದ ಹೆಸರಿರುತ್ತಿತ್ತು. 1949ರ ‘ಮಹಲ್’ ಚಿತ್ರದ ಪ್ಲೇಟಿನಲ್ಲಿ ಲತಾ ಮಂಗೇಶ್ಕರ್ ಹೆಸರಿನ ಜಾಗದಲ್ಲಿ ‘ಕಾಮಿನಿ’ ಎಂದೇ ಅಚ್ಚಾಗಿತ್ತು. ಹಾಗಾಗಿ ‘ಮನೆಮಾತಾದರು’ ಎಂದು ಬರೆದು ಮುಂದೆ ಹೋಗುವ ಲೇಖಕರನ್ನು ಅಲ್ಲೇ ನಿಲ್ಲಿಸಿ ಕೇಳಬೇಕು: ಯಾವ ದಾರಿಯಿಂದ? ಪ್ಲೇಟಿನಿಂದಲೋ, ಟಾಕೀಜಿನಿಂದಲೋ, ರೇಡಿಯೋದಿಂದಲೋ? ಅದನ್ನು ಹೇಳುವ ಪುಸ್ತಕ ಒಳ್ಳೆಯ ಪುಸ್ತಕ.

ಎರಡನೆಯದಾಗಿ, ನಕಾಶೆಯನ್ನು ಪಕ್ಕದಲ್ಲಿಟ್ಟುಕೊಳ್ಳಿ, ಅದೂ ಆ ಕಾಲದ ನಕಾಶೆ. ಜಮಖಂಡಿ ಪಟವರ್ಧನರ ಸಂಸ್ಥಾನ, ಮುಧೋಳ ಘೋರ್ಪಡೆಯವರದು. ಬೀಳಗಿ ಬ್ರಿಟಿಷರ ವಿಜಾಪುರ ಜಿಲ್ಲೆಯದು, ಅಂದರೆ ಮುಂಬಯಿ ಪ್ರಾಂತದ್ದು. ಬೀಳಗಿಯ ಹುಡುಗಿ ಮುಂಬಯಿಗೆ ಹೋದದ್ದನ್ನು ಪರನಾಡಿಗೆ ವಲಸೆ ಹೋದಂತೆ ಬರೆಯುವವರಿದ್ದಾರೆ. ಅದು ತಪ್ಪು. ಆಗ ಮುಂಬಯಿಯೇ ನಮ್ಮ ರಾಜಧಾನಿ. ಮರಾಠಿ ರಂಗಭೂಮಿಯೂ ನಮಗೆ ಹೊರಗಿನದಾಗಿರಲಿಲ್ಲ. 1843ರಲ್ಲಿ ವಿಷ್ಣುದಾಸ ಭಾವೆ ನಾಟಕ ಆಡಿಸಿದ ಸಾಂಗಲಿ ಪಟವರ್ಧನರ ಇನ್ನೊಂದು ಮನೆ. ಮರಾಠಿ ಸಂಗೀತ ನಾಟಕ ಕಟ್ಟಿದ ಅಣ್ಣಾಸಾಹೇಬ ಕಿರ್ಲೋಸ್ಕರ್ ಹುಟ್ಟಿದ್ದು ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ. ಇಷ್ಟು ತಿಳಿದರೆ ಬೀಳಗಿಯ ಒಂದೇ ಮನೆಯಿಂದ ಇಬ್ಬರು ಹೆಣ್ಣುಮಕ್ಕಳು ಮುಂಬಯಿಯಲ್ಲಿ ಹೆಸರು ಮಾಡಿದ್ದು ಪವಾಡ ಅನ್ನಿಸುವುದಿಲ್ಲ. ದಾರಿ ಮೊದಲೇ ಇತ್ತು, ನಡೆಯುವ ಧೈರ್ಯ ಅವರದಾಗಿತ್ತು.

ಇಬ್ಬರಲ್ಲಿ ಅಕ್ಕ ಗೋಹರಬಾಯಿ ಕರ್ನಾಟಕಿ. ಹೊಸ ಓದುಗರು ಎಡವುವುದು ಇಲ್ಲೇ, ಯಾಕೆಂದರೆ ಈ ಚರಿತ್ರೆಯಲ್ಲಿ ಗೋಹರರು ಮೂವರು. 1902ರಲ್ಲಿ ಕಲ್ಕತ್ತೆಯಲ್ಲಿ ಗ್ರಾಮೋಫೋನಿಗೆ ಹಾಡಿ, 1930ರಲ್ಲಿ ಮೈಸೂರಿನಲ್ಲಿ ತೀರಿಕೊಂಡವರು ಗೋಹರ್ ಜಾನ್. ಅವರ ಬಗ್ಗೆ ವಿಕ್ರಮ್ ಸಂಪತ್ ದೊಡ್ಡ ಪುಸ್ತಕವನ್ನೇ ಬರೆದಿದ್ದಾರೆ. ಚಂದೂಲಾಲ್ ಶಾ ಜೊತೆ ರಂಜಿತ್ ಕಂಪನಿ ನಡೆಸಿದ ನಟಿ ಮಿಸ್ ಗೋಹರ್. ಮೂರನೆಯವರು ನಮ್ಮ ಬೀಳಗಿಯವರು. ಒಬ್ಬರ ಫೋಟೋ ಇನ್ನೊಬ್ಬರ ಹೆಸರಿನಡಿ ಅಚ್ಚಾಗಿದೆಯೇ ಎಂದು ನೋಡುವ ಅಭ್ಯಾಸ ಇಟ್ಟುಕೊಳ್ಳಿ.

ಗೋಹರಬಾಯಿಯವರ ಕಥೆಯನ್ನು ನಿಧಾನವಾಗಿ ಓದಬೇಕು. ಜೀವನಚರಿತ್ರೆ ಎಂಬ ಪ್ರಕಾರ ಹೇಗೆ ನ್ಯಾಯ ಮಾಡುತ್ತದೆ, ಹೇಗೆ ಅನ್ಯಾಯ ಮಾಡುತ್ತದೆ ಎರಡೂ ಅಲ್ಲಿ ಕಾಣುತ್ತವೆ. ಮರಾಠಿ ರಂಗಭೂಮಿಯ ದೊಡ್ಡ ಹೆಸರು ಬಾಲಗಂಧರ್ವರು, ಅಂದರೆ ನಾರಾಯಣ ಶ್ರೀಪಾದ ರಾಜಹಂಸ. ಹೆಣ್ಣಿನ ಪಾತ್ರ ಹಾಕಿ ಮಹಾರಾಷ್ಟ್ರವನ್ನೇ ಮರುಳು ಮಾಡಿದವರು. ಗೋಹರಬಾಯಿ 1930ರ ದಶಕದ ಕೊನೆಗೆ ಅವರ ಕಂಪನಿ ಸೇರಿದರು, 1951ರಲ್ಲಿ ಇಬ್ಬರೂ ಮದುವೆಯಾದರು. ಬಾಲಗಂಧರ್ವರ ಅಭಿಮಾನಿಗಳು ಹೇಳುತ್ತ ಬಂದ ಕಥೆಯಲ್ಲಿ ಗೋಹರ್ ಬಂದದ್ದೇ ಅವನತಿಗೆ ಕಾರಣ. ಈಗ ಇಸವಿಗಳನ್ನು ಒಂದು ಹಾಳೆಯ ಮೇಲೆ ಬರೆದುಕೊಳ್ಳಿ. ಗಂಧರ್ವ ನಾಟಕ ಮಂಡಳಿ ಶುರುವಾದದ್ದು 1913. ರೇಷ್ಮೆ, ಅತ್ತರು, ತಿರಕವಾರಂಥ ತಬಲಾ ಉಸ್ತಾದರು ಎಂದು ಕೈಬಿಚ್ಚಿ ಖರ್ಚು ಮಾಡಿದ ಕಂಪನಿ 1921ರ ಹೊತ್ತಿಗೇ ಭಾರಿ ಸಾಲದಲ್ಲಿತ್ತು. 1935ರಲ್ಲಿ ಪ್ರಭಾತ್ ಚಿತ್ರಸಂಸ್ಥೆಯ ‘ಧರ್ಮಾತ್ಮ’ ಚಿತ್ರದಲ್ಲಿ ಬಾಲಗಂಧರ್ವರು ಗಂಡಸಿನ ಪಾತ್ರ ಮಾಡಿದರು. ಟಾಕಿ ಬಂದು ಕಂಪನಿ ನಾಟಕಗಳು ಸೊರಗಿದ್ದು ಆಗಲೇ. ಅವರ ವಯಸ್ಸು ಆಗ ಐವತ್ತರ ಹತ್ತಿರ. ಇಷ್ಟೆಲ್ಲ ಆದ ಮೇಲೆ ಬಂದ ಹೆಂಗಸಿನ ತಲೆಗೆ ಹಿಂದಿನ ಸಾಲವನ್ನೂ ಕಟ್ಟುವುದು ಯಾವ ನ್ಯಾಯ? ಆಕೆ ಮುಸ್ಲಿಮಳು, ಹೊರಗಿನವಳು, ಹೆಣ್ಣಿನ ಪಾತ್ರವನ್ನು ಹೆಣ್ಣೇ ಮಾಡಬಲ್ಲಳು ಎಂದು ತೋರಿಸಿದವಳು. ಕೋಪಕ್ಕೆ ಇಷ್ಟು ಸಾಕಾಯಿತು ಎಂಬುದು ನನ್ನ ಖಚಿತ ಅಭಿಪ್ರಾಯ. ಗೋಹರಬಾಯಿ ಬಾಲಗಂಧರ್ವರ ಗಾಯನಶೈಲಿಯಲ್ಲಿ ಥೇಟ್ ಅವರಂತೆಯೇ ಹಾಡಬಲ್ಲವರಾಗಿದ್ದರು. 1964ರಲ್ಲಿ ತಾವು ತೀರಿಕೊಳ್ಳುವ ತನಕ ಅವರ ಜೊತೆಗಿದ್ದರು. ದೊಡ್ಡವರ ಚರಿತ್ರೆ ಓದುವಾಗ ಅದರೊಳಗಿನ ಸಣ್ಣ ಪಾತ್ರಗಳ ಕಡೆಯಿಂದ ಒಮ್ಮೆ ಓದಿ ನೋಡಿ. ಎಷ್ಟೋ ಪುಸ್ತಕಗಳು ಆ ಪರೀಕ್ಷೆಯಲ್ಲಿ ನಿಲ್ಲುವುದಿಲ್ಲ.

ತಂಗಿ ಅಮೀರಬಾಯಿಯ ಬದುಕಿನಲ್ಲೂ ಬಾಯಿ ಚಪ್ಪರಿಸಿ ಹೇಳುವಂಥ ಭಾಗಗಳಿವೆ. ಮೊದಲ ಗಂಡ, ನಟ ಹಿಮಾಲಯವಾಲಾ, ಹೊಡೆದು ಬಡಿದು ಹಿಂಸಿಸಿದ. ದೇಶ ಒಡೆದಾಗ ಪಾಕಿಸ್ತಾನಕ್ಕೆ ಹೋದ. ಆಮೇಲೆ ಪತ್ರಿಕಾ ಸಂಪಾದಕ ಬದರಿ ಕಾಂಚವಾಲಾ ಜೊತೆ ಸಂಸಾರ ನೆಟ್ಟಗಾಯಿತು. ಇದನ್ನೆಲ್ಲ ಮುಚ್ಚಿಡುವ ಪುಸ್ತಕ ಬೇಡ, ಇದನ್ನೇ ತಿರುಗಿಸಿ ತಿರುಗಿಸಿ ಹೇಳುವ ಪುಸ್ತಕವೂ ಬೇಡ. ಹೊಡೆತ ತಿನ್ನುತ್ತಿದ್ದಾಗಲೂ ಆಕೆ ಯಾವ ಹಾಡು ಹಾಡಿದರು, ಯಾರ ಸಂಗೀತಕ್ಕೆ ಹಾಡಿದರು, ದುಡಿದ ದುಡ್ಡು ಯಾರ ಕೈಗೆ ಹೋಯಿತು ಎಂದು ಕೇಳುವ ಲೇಖಕರನ್ನು ನಂಬಿ. 1949ರ ನಂತರ ಹೊಸ ತೆಳು ದನಿಗಳು ಬಂದು ಅಮೀರಬಾಯಿಗೆ ಹಾಡುಗಳು ಕಡಿಮೆಯಾದವು, ಪೋಷಕ ಪಾತ್ರಗಳಿಗೆ ತಿರುಗಿದರು. ಇದನ್ನು ‘ದುರಂತ’ ಎಂದು ಬರೆದವರಿದ್ದಾರೆ. ರುಚಿ ಬದಲಾಗಿತ್ತು, ಆಕೆ ಬದಲಾದ ಕೆಲಸ ಹಿಡಿದರು. ಅದು ದುಡಿಮೆಗಾರಳ ಜಾಣತನ.

ಇನ್ನು ‘ಮಹಾತ್ಮರು ಮೆಚ್ಚಿದರು’ ಎಂಬ ಜಾತಿಯ ಕಥೆಗಳು. 1940ರ ‘ನರಸಿ ಭಗತ್’ ಚಿತ್ರದಲ್ಲಿ ಅಮೀರಬಾಯಿ ಇದ್ದರು. ಅವರ ಭಜನೆಯನ್ನು ಗಾಂಧೀಜಿ ಮೆಚ್ಚಿದರು ಎಂದು ಎಲ್ಲರೂ ಬರೆಯುತ್ತಾರೆ. ಯಾರ ಎದುರು, ಯಾವಾಗ, ಬರೆದಿಟ್ಟವರು ಯಾರು ಎಂದು ಹುಡುಕಿ. ಹುಟ್ಟಿದ ಇಸವಿಯನ್ನೇ ಒಬ್ಬರು 1906 ಎನ್ನುತ್ತಾರೆ, ಇನ್ನೊಬ್ಬರು 1912. ಎರಡನ್ನೂ ಮುಂದಿಟ್ಟು ಮಾತಾಡುವ ಲೇಖಕ ಪ್ರಾಮಾಣಿಕ.

ಕನ್ನಡದಲ್ಲಿ ಇವರನ್ನು ಓದಬೇಕೆಂದರೆ ರಹಮತ್ ತರೀಕೆರೆಯವರು ಬರೆದ ಅಮೀರಬಾಯಿ ಜೀವನಚರಿತ್ರೆಯಿಂದ ಶುರು ಮಾಡಿ. ಊರೂರು ತಿರುಗಿ ಸೂಫಿಗಳನ್ನೂ ನಾಥರನ್ನೂ ಕುರಿತು ಬರೆದವರು ಅವರು. ‘ಕನ್ನಡ ಕೋಗಿಲೆ’ ಎಂದು ಹೊಗಳಿ ಮರೆತುಬಿಟ್ಟ ಹೆಣ್ಣನ್ನು ಮತ್ತೆ ಕನ್ನಡದ ಓದಿಗೆ ತಂದರು. ಆಮೇಲೆ ಆತ್ಮಕಥೆಗಳಿಗೆ ಬನ್ನಿ: ಮಲ್ಲಿಕಾರ್ಜುನ ಮನಸೂರರ ‘ನನ್ನ ರಸಯಾತ್ರೆ’, ಗುಬ್ಬಿ ವೀರಣ್ಣನವರ ‘ಕಲೆಯೇ ಕಾಯಕ’. ತಾವೇ ಹೇಳಿಕೊಂಡಾಗ ಏನು ಮುಂದೆ ಬರುತ್ತದೆ, ಇನ್ನೊಬ್ಬರು ಹೇಳಿದಾಗ ಏನು ಮುಂದೆ ಬರುತ್ತದೆ ಎಂಬುದು ಹೋಲಿಸಿದರೆ ತಾನೇ ತಿಳಿಯುತ್ತದೆ.

ನಮ್ಮ ಭಾಗದಲ್ಲಿ ಬರೆಯದೆ ಉಳಿದದ್ದು ಇನ್ನೂ ಬಹಳ. ಶ್ರೀಕೃಷ್ಣ ಪಾರಿಜಾತದ ಕೌಜಲಗಿ ನಿಂಗಮ್ಮನ ಹೆಸರು ಹೇಳುತ್ತೇವೆ. ಅವರ ಜೊತೆ ಬಣ್ಣ ಹಚ್ಚಿದವರ, ಹಾರ್ಮೋನಿಯಂ ಹಿಡಿದವರ ಹೆಸರು ಎಷ್ಟು ಜನಕ್ಕೆ ಗೊತ್ತು? ನಿಮ್ಮ ಮನೆಯ ಟ್ರಂಕಿನಲ್ಲಿ ಹಳೆಯ ನಾಟಕದ ಹ್ಯಾಂಡ್‌ಬಿಲ್ಲು, ಕಂಪನಿ ಕರಾರುಪತ್ರ, ಒಡೆಯದೆ ಉಳಿದ ಪ್ಲೇಟು ಇದ್ದರೆ ಗುಜರಿಗೆ ಹಾಕಬೇಡಿ. ಎಲ್ಲಿ ಸಿಕ್ಕಿತು, ಯಾರದು, ಯಾವ ಇಸವಿ ಎಂದು ಹಿಂದೆ ಪೆನ್ಸಿಲಿನಲ್ಲಿ ಬರೆದಿಡಿ. ಮನೆಯ ಹಿರಿಯರಿಗೆ ನೆನಪಿರುವಷ್ಟನ್ನು ಅವರ ಮಾತಿನಲ್ಲೇ ಮೊಬೈಲಿನಲ್ಲಿ ಹಿಡಿದಿಟ್ಟುಕೊಳ್ಳಿ, ಇದೇ ವಾರ.